ಅಕ್ಕಾರ ಕೃತಜ್ಞತಾ ಕೂಟ

ಕಳೆದ ವಾರ ಕೊಚ್ಚಿಯ ಕಾಕ್ಕನಾಡಿನ ಒಂದು ಫ್ಲ್ಯಾಟಿನಲ್ಲಿ ನಡೆದ ಕನ್ನಡ ಕ್ರೈಸ್ತರ ಪ್ರಾರ್ಥನಾ ಕೂಟದಲ್ಲಿ ನಾನು ಸಿಟ್ಟು ಮಾಡಿಕೊಂಡೆ. ಮಾಡಿಕೊಳ್ಳಬಾರದಿತ್ತು. ನಮ್ಮ ಕಂಪನಿಯಲ್ಲೇ ಕೆಲಸ ಮಾಡುವ ಶಿವಮೊಗ್ಗದ ಹುಡುಗಿಯೊಬ್ಬಳ ತಾಯಿ ಹತ್ತು ದಿನದಿಂದ ಐಸಿಯುನಲ್ಲಿದ್ದರು. ಅವಳು ಮೂಲೆಯಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಾಗ ಹಿರಿಯರೊಬ್ಬರು, "ಅಳಬಾರದು ಮಗಳೇ. ಬಾಯ್ತುಂಬ ಸ್ತೋತ್ರ ಹೇಳು, ಎಲ್ಲ ಸರಿಹೋಗುತ್ತೆ. ಸ್ತೋತ್ರ ಹೇಳದವರಿಗೇ ಕಷ್ಟ ಜಾಸ್ತಿ" ಎಂದರು. ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. "ಸ್ತೋತ್ರ ಅಂದರೆ ಮಾತ್ರೆ ಅಂದುಕೊಂಡಿದ್ದೀರಾ ಸಾರ್, ಊಟಕ್ಕೆ ಮೊದಲು ಒಂದು, ಊಟವಾದ ಮೇಲೆ ಒಂದು?" ಎಂದುಬಿಟ್ಟೆ. ಆಮೇಲೆ ಚಹಾ ಕುಡಿಯುವಾಗ ಯಾರೂ ನನ್ನ ಪಕ್ಕ ಕೂರಲಿಲ್ಲ.

ಆಟೋದಲ್ಲಿ ಮನೆಗೆ ಬರುವಾಗ ಅನ್ನಿಸಿತು: ನಾನು ಹೇಳಿದ್ದು ಸರಿ, ಹೇಳಿದ ರೀತಿ ಸರಿಯಲ್ಲ. ಅಕ್ಕಾರು ಅಲ್ಲಿದ್ದಿದ್ದರೆ ಇದೇ ಮಾತನ್ನು ಆ ಹಿರಿಯರೂ ನಕ್ಕು ಒಪ್ಪುವ ಹಾಗೆ ಹೇಳುತ್ತಿದ್ದರು. ಮೊದಲು ಆ ಹುಡುಗಿಯ ಪಕ್ಕ ಹೋಗಿ ಕೂರುತ್ತಿದ್ದರು. ನಾನು ಅದನ್ನೂ ಮಾಡಲಿಲ್ಲ.

ಅಕ್ಕಾರು ಎಂದರೆ ಅವರ ಗದಗ ಸೀಮೆಯಲ್ಲಿ ಪಾಠ ಹೇಳುವ ಹೆಂಗಸು. ಊರಿನಲ್ಲಿದ್ದಾಗ ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದರಂತೆ, ಅಲ್ಲಿಂದ ಬಂದ ಹೆಸರು. ನಿಜವಾದ ಕೆಲಸ ತಿರುವನಂತಪುರದ ಶ್ರೀಕಾರ್ಯಂನಲ್ಲಿದ್ದ ಬೆಳೆ ಸಂಶೋಧನಾ ಸಂಸ್ಥೆಯ ಹೊಲದಲ್ಲಿ. ವಿಜ್ಞಾನಿಗಳು ಕೋಣೆಯಲ್ಲಿ ಕೂತು ಯೋಚಿಸಿದ್ದನ್ನು ಇವರು ಕೆಸರಿನಲ್ಲಿ ನಿಂತು ನೆಡಿಸಬೇಕು, ಅಳೆಯಬೇಕು, ಬರೆದಿಡಬೇಕು. ಕುಳ್ಳಗೆ, ಗಟ್ಟಿಮುಟ್ಟಾಗಿ, ಸೀರೆಯನ್ನು ಕಣಕಾಲಿನ ಮೇಲಕ್ಕೆ ಎತ್ತಿ ಸಿಕ್ಕಿಸಿ, ಗಂಡಸರ ದೊಡ್ಡ ಕರಿ ಛತ್ರಿ ಹಿಡಿದು ಬದುವಿನ ಮೇಲೆ ಅವರು ನಡೆಯುತ್ತಿದ್ದರೆ ಹಿಂದಿನವರು ಓಡಬೇಕಾಗುತ್ತಿತ್ತು. ಆಳುಗಳಿಗೆಲ್ಲ ಅವರು "ಚೇಚಿ", ಎಂದರೆ ಅಕ್ಕ. ಅವರ ಮಲಯಾಳಂನಲ್ಲಿ ಕ್ರಿಯಾಪದ ಒಂದೂ ಸರಿಯಿರಲಿಲ್ಲ, ಆದರೂ ಹೇಳಿದ ಕೆಲಸ ಆಗದೆ ಉಳಿದದ್ದೂ ಇಲ್ಲ.

ಒಂದು ಸಲ ಗಾಳಿಮಳೆಗೆ ಅವರು ಎರಡು ವರ್ಷದಿಂದ ನೋಡಿಕೊಂಡಿದ್ದ ಮರಗೆಣಸಿನ ತಾಕು ಅರ್ಧಕ್ಕರ್ಧ ಮಲಗಿತು. ಮಾರನೆಯ ದಿನ ನಾನು ಏನೋ ಸಮಾಧಾನ ಹೇಳೋಣವೆಂದು ಹೋದರೆ, ಅಕ್ಕಾರು ಮೊಳಕಾಲುದ್ದ ಕೆಸರಿನಲ್ಲಿ ಗಿಡಗಳನ್ನು ಎಣಿಸುತ್ತಿದ್ದರು.

"ಎಷ್ಟು ಬಿದ್ದಿವೆ ಅಕ್ಕಾರೇ?"

"ಬಿದ್ದದ್ದನ್ನ ಸಾಹೇಬ್ರು ಎಣಿಸಾಕತ್ಯಾರ. ನಾ ನಿಂತದ್ದನ್ನ ಎಣಿಸಾಕತ್ತೀನಿ. ಎರಡೂ ಬೇಕವ್ವಾ ರಿಪೋರ್ಟಿಗೆ."

ಅವರನ್ನು ನಾನು ಮೊದಲು ನೋಡಿದ್ದು ತಿರುವನಂತಪುರದ ಕನ್ನಡ ಆರಾಧನೆಯಲ್ಲಿ. ಈ ಶತಮಾನದ ಮೊದಲ ವರ್ಷಗಳು. ನಾನು ಮೈಸೂರಿನಿಂದ ಅಲ್ಲಿನ ಐಟಿ ಪಾರ್ಕಿಗೆ ಕೆಲಸಕ್ಕೆ ಬಂದಿದ್ದೆ. ತಿಂಗಳಿಗೊಮ್ಮೆ ಶನಿವಾರ ಮಧ್ಯಾಹ್ನ ಒಂದು ಚರ್ಚಿನ ಶಾಲೆಯ ಕೋಣೆಯನ್ನು ಕೇಳಿ ಪಡೆದು, ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿಕೊಂಡು ನಾವು ಇಪ್ಪತ್ತು ಇಪ್ಪತ್ತೈದು ಜನ ಕೂರುತ್ತಿದ್ದೆವು. ಬಾಹ್ಯಾಕಾಶ ಕೇಂದ್ರದ ಸಂಸಾರಗಳು, ಬ್ಯಾಂಕಿನವರು, ನನ್ನಂಥ ಒಂಟಿಗಳು. ಕನ್ನಡ ಬಲ್ಲ ಪಾದ್ರಿಯವರು ಕೊಚ್ಚಿಯಿಂದ ರೈಲಿನಲ್ಲಿ ಬರಬೇಕಿತ್ತು. ರೈಲು ತಡವಾದರೆ ಕೂಟ ಅಕ್ಕಾರದು.

ಪ್ರಾರ್ಥನೆಗೆ ಮೊದಲು ಒಂದು ಪುಸ್ತಕ ತೆಗೆಯುತ್ತಿದ್ದರು. ಪುಟಕ್ಕೆ ನಡುವೆ ಗೆರೆ. ಎಡಕ್ಕೆ ಸ್ತೋತ್ರ, ಎಂದರೆ ದೇವರಿಗೆ ಯಾವುದಕ್ಕಾಗಿ ಕೃತಜ್ಞತೆ ಹೇಳಬೇಕೋ ಅದು. ಬಲಕ್ಕೆ ಬಿನ್ನಹ. ಎಡಗಡೆ ಒಂದಾದರೂ ಬರೆಸದೆ ಬಲಗಡೆ ಬರೆಸುವಂತಿಲ್ಲ. ನನ್ನ ಅಕ್ಷರ ದುಂಡಗಿದೆಯೆಂದು ಮೊದಲ ತಿಂಗಳೇ ಪುಸ್ತಕ ನನ್ನ ಕೈಗೆ ಬಂತು. ನನ್ನ ಸರದಿ ಬಂದಾಗ ನಾನು, "ಆರೋಗ್ಯ, ಉಸಿರು, ಜೀವ ಕೊಟ್ಟಿದ್ದಕ್ಕೆ" ಎಂದೆ.

"ಅದು ಎಲ್ಲಾರಿಗೂ ಕೊಟ್ಟಾನ," ಎಂದರು ಅಕ್ಕಾರು. "ಈ ತಿಂಗಳು ನಿನಗೇನು ಕೊಟ್ಟ? ನೀ ಕಣ್ಣಿಲೆ ನೋಡಿದ್ದು ಹೇಳು."

ನನಗೆ ರೇಗಿತು. ಗೇಲಿ ಮಾಡೋಣವೆಂದೇ, "ಮಂಗಳವಾರ ಕಳಕೂಟ್ಟಂ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು" ಎಂದೆ.

"ಇದು ಖರೇ ಮಾತು. ಬರಿ," ಎಂದರು.

ಬರೆದೆ. ಆಮೇಲೆ ತಿಂಗಳಿಡೀ, ಬೇಡವೆಂದರೂ, ಬರೆಸಲು ಏನು ಸಿಗುತ್ತದೆಂದು ನೋಡುವ ಚಾಳಿ ಹತ್ತಿತು. ಇನ್ನೊಬ್ಬರು ಬಡ್ತಿ ಸಿಕ್ಕಿತೆಂದು ಸ್ತೋತ್ರ ಬರೆಸಿದರೆ, "ಯಾರಿಗೆ ಸಿಗಲಿಲ್ಲ? ಅವರ ಹೆಸರು ಬಲಕ್ಕ ಬರಿ" ಎನ್ನುವರು. ಬರೆಸಿದವರ ಮುಖ ಅಷ್ಟಗಲವಾಗಿದ್ದದ್ದು ಇಷ್ಟಾಗುತ್ತಿತ್ತು. ಆದರೂ ಯಾರೂ ಕೂಟ ಬಿಡಲಿಲ್ಲ.

ಅವರ ಯಜಮಾನರು ಕೈಗಡಿಯಾರ ರಿಪೇರಿ ಮಾಡುವವರು. ಹೆಂಡತಿಗೆ ವರ್ಗವಾದಾಗ ಊರಿನ ಅಂಗಡಿ ಮುಚ್ಚಿ, ಕಣ್ಣಿಗೆ ಒತ್ತಿಕೊಳ್ಳುವ ಭೂತಗನ್ನಡಿಯೊಂದನ್ನೂ ಸಣ್ಣ ಚಿಮುಟಗಳನ್ನೂ ಕಟ್ಟಿಕೊಂಡು ಹಿಂದೆಯೇ ಬಂದಿದ್ದರು. ನಾವೆಲ್ಲ ಮಾವಾರು ಎನ್ನುತ್ತಿದ್ದೆವು. ಹೆಂಡತಿಗೆ ಬಾರದ ಮಲಯಾಳಂ ಅವರಿಗೆ ಆರು ತಿಂಗಳಲ್ಲಿ ಬಂತು. ಬೀದಿಯ ನಿಂತ ಗಡಿಯಾರಗಳೆಲ್ಲ ಅವರ ಮೇಜಿಗೆ ಬಂದವು. ಗದಗಿನಲ್ಲಿ ಮೀನಿನ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತಿದ್ದ ಮನುಷ್ಯ ಬಸ್ಸು ಹತ್ತಿ ವಿಳಿಂಜಂವರೆಗೆ ಹೋಗಿ, ದೋಣಿ ಇಳಿದ ತಕ್ಷಣದ ಮೀನು ತರುತ್ತಿದ್ದರು. ಅಕ್ಕಾರು ಅದನ್ನು ಜೋಳದ ರೊಟ್ಟಿಯ ಜೊತೆ ಬಡಿಸುತ್ತಿದ್ದರು. ಈ ಜೋಡಿಯನ್ನು ನಾನು ಬೇರೆಲ್ಲೂ ತಿಂದಿಲ್ಲ.

ಮಾವಾರಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾದ ತಿಂಗಳು ಅಕ್ಕಾರು ಆಸ್ಪತ್ರೆಯಿಂದ ನೇರ ಕೂಟಕ್ಕೆ ಬಂದರು. ಎಡಗಡೆ ಬರೆಸಿದ್ದು: "ಮೂರು ಮಂದಿ ಚುಚ್ಚಿ ಚುಚ್ಚಿ ಸಿಗದ ನರ, ನಾಕನೇ ನರ್ಸಿಗೆ ಒಂದs ಸಲಕ್ಕ ಸಿಕ್ತು." ಆಮೇಲೆ ಬಲಗಡೆ ಗಂಡನ ಹೆಸರು. ಭಕ್ತಿ ಉಕ್ಕಿದವರೊಬ್ಬರು, "ರೋಗಕ್ಕಾಗಿಯೂ ಸ್ತೋತ್ರ ಅಂತ ಬರೆಯಿರಿ, ಅದೂ ದೇವರ ದಾನವೇ" ಎಂದರು. ಅಕ್ಕಾರು ಅವರ ಕಡೆ ತಿರುಗಿ, "ಅಣ್ಣಾ, ನಿಮ್ಮ ಮಗ ಬಿದ್ದು ಕಾಲು ಮುರಕೊಂಡ್ರ ಮುರಿದದ್ದಕ್ಕ ಸಂತೋಷ ಪಡ್ತೀರೇನು? ಎತ್ತಿಕೊಂಡು ಬಂದವನಿಗೆ ಕೈ ಮುಗೀತೀರಿ. ಎತ್ತಿಕೊಂಡು ಬಂದದ್ದನ್ನ ನಾ ಬರೆಸೀನಿ" ಎಂದರು. ದನಿ ಏರಲಿಲ್ಲ. ಅವರೂ ತಲೆಯಾಡಿಸಿದರು. ಇಂಥ ಕಡೆಯೇ ನನಗೂ ಅಕ್ಕಾರಿಗೂ ಅಜಗಜಾಂತರ.

ಎಂಟು ತಿಂಗಳು ಔಷಧಿ ನಡೆಯಿತು. ಮಾವಾರ ಕೂದಲು ಹೋಗಿ, ಮೈ ಕಡ್ಡಿಯಾಗಿ, ನಂತರ ನಿಧಾನ ಮುಖಕ್ಕೆ ಬಣ್ಣ ಬಂತು. ರಕ್ತದ ವರದಿ ಚೆನ್ನಾಗಿದೆ, ಸದ್ಯಕ್ಕೆ ಔಷಧಿ ಬೇಡ ಎಂದರು ಡಾಕ್ಟರು. ನಮ್ಮವರಲ್ಲಿ ಇಂಥ ಹೊತ್ತಿಗೆ ಕೃತಜ್ಞತಾ ಕೂಟ ಇಟ್ಟು ನಾಲ್ಕು ಜನರಿಗೆ ಊಟ ಹಾಕುವ ಪದ್ಧತಿ. ಅಕ್ಕಾರು ಅದೇ ಶಾಲೆಯ ಕೋಣೆಯಲ್ಲಿ ಕೂಟ ಗೊತ್ತುಮಾಡಿ, ಕಾರ್ಡು ಮಾಡಿಸುವ ಕೆಲಸ ನನಗೆ ಒಪ್ಪಿಸಿದರು. ಕಾರ್ಡಿಗೆ ಅವರು ಹೇಳಿ ಬರೆಸಿದ್ದು ಒಂದೇ ಸಾಲು: "ದೇವರು ನಮ್ಮನ್ನ ಇಲ್ಲೀತನಕ ನಡೆಸ್ಯಾನ, ಬರ್ರಿ."

ಇಲ್ಲಿ ನನ್ನ ಬುದ್ಧಿವಂತಿಕೆ ಅಡ್ಡ ಬಂತು. ಆ ಸಾಲು ನನಗೆ ಸಪ್ಪೆ ಎನ್ನಿಸಿತು. ಇಷ್ಟು ದೊಡ್ಡ ಸಂತೋಷಕ್ಕೆ 'ಇಲ್ಲೀತನಕ' ಎಂಬ ಗುಬ್ಬಚ್ಚಿಯಂಥ ಮಾತೇ? ಆಫೀಸಿನ ಕಂಪ್ಯೂಟರಿನಲ್ಲಿ ಕೂತು ನನ್ನ ಶುದ್ಧ ಕನ್ನಡದಲ್ಲಿ, "ಮಾರಕ ವ್ಯಾಧಿಯಿಂದ ಸಂಪೂರ್ಣವಾಗಿ ಗುಣಪಡಿಸಿದ ದೇವರಿಗೆ ಕೃತಜ್ಞತೆ ಸಲ್ಲಿಸಲು" ಎಂದು ಬರೆದು, ಚಿನ್ನದ ಬಣ್ಣದ ಅಂಚು ಹಾಕಿಸಿ, ಕೇಳದೆ ಮುದ್ರಿಸಿ, ಕೊಚ್ಚಿಯ ಪಾದ್ರಿಯವರಿಗೂ ಅಂಚೆಯಲ್ಲಿ ಕಳಿಸಿಯೇ ಅವರಿಗೆ ತೋರಿಸಿದೆ. ಅಕ್ಕಾರು ಎರಡು ಸಲ ಓದಿದರು. "ನಾಳಿಂದು ನಿನಗ ಹೆಂಗ ಗೊತ್ತಾತು ತಂಗಿ?" ಎಂದಷ್ಟೇ ಕೇಳಿದರು. ಮಾವಾರು ಕಾರ್ಡನ್ನು ಭೂತಗನ್ನಡಿಗೆ ಹಿಡಿದು, "ಅಕ್ಷರ ಚೆಂದ ಬಂದಾವ" ಎಂದರು.

ಕೂಟ ಶನಿವಾರ. ಗುರುವಾರ ಮಧ್ಯಾಹ್ನ, ಸುಮ್ಮನೆ ಒಮ್ಮೆ ನೋಡೋಣವೆಂದು ಮಾಡಿಸಿದ ಪರೀಕ್ಷೆಯಲ್ಲಿ ರೋಗ ಮರಳಿ ಬಂದಿದೆ ಎಂದು ತಿಳಿಯಿತು. ಈ ಸಲ ಔಷಧಿ ಹೆಚ್ಚೇನೂ ಮಾಡಲಾರದು ಎಂದು ಡಾಕ್ಟರು ಬಿಡಿಸಿ ಹೇಳಿದರಂತೆ.

ಶುಕ್ರವಾರ ರಜೆ ಹಾಕಿ, ಕರೆದವರ ಫೋನ್ ನಂಬರುಗಳ ಹಾಳೆ ಹಿಡಿದುಕೊಂಡು ಅವರ ಮನೆಗೆ ಹೋದೆ. ಎಲ್ಲರಿಗೂ ಫೋನ್ ಮಾಡಿ ಕೂಟ ರದ್ದು ಎಂದು ಹೇಳುವುದು ನನ್ನ ಕೆಲಸವೆಂದೇ ಹೊರಟಿದ್ದೆ. ಅಕ್ಕಾರು ಅಡಿಗೆಮನೆಯಲ್ಲಿ ನೆಲದ ಮೇಲೆ ಕೂತಿದ್ದರು. ಪಕ್ಕದಲ್ಲಿ ದೊಡ್ಡ ಪಾತ್ರೆ. ಹುಗ್ಗಿಗೆಂದು ಊರಿಂದ ತರಿಸಿದ ಕುಟ್ಟಿದ ಗೋಧಿಯನ್ನು ನೆನೆಹಾಕಿದ್ದರು.

"ಫೋನ್ ಮಾಡಿಬಿಡ್ತೀನಿ ಅಕ್ಕಾರೇ," ಎಂದೆ. "ಯಾರೂ ತಪ್ಪು ತಿಳಿಯಲ್ಲ."

ಹೊರಕೋಣೆಯಿಂದ ಮಾವಾರ ದನಿ ಬಂತು. "ಏನಂತ ಫೋನ್ ಮಾಡ್ತೀ? ದೇವರು ಕೊಟ್ಟದ್ದು ವಾಪಸ್ ತಗೊಂಡಾನ, ಅದಕ್ಕ ನಾವೂ ಸ್ತೋತ್ರ ವಾಪಸ್ ತಗೊಂಡೀವಿ ಅಂತೇನು?"

ನಾನು ಬಾಗಿಲಿಗೆ ಹೋದೆ. ಅವರು ಮೇಜಿನ ಮುಂದೆ ಯಾರದೋ ಗಡಿಯಾರ ಬಿಚ್ಚಿಕೊಂಡು ಕೂತಿದ್ದರು.

"ಎಂಟು ತಿಂಗಳು ಇದ್ದೀನಲ್ಲ, ಅದು ಸುಳ್ಳೇನು? ಕೂಟ ನನ್ನದು. ನಡೀಲಿ. ಗೋಧಿ ಬ್ಯಾರೆ ನೆನದಾವ."

ಒಳಗೆ ಬಂದಾಗ ಅಕ್ಕಾರು ಪಾತ್ರೆಯ ನೀರಿನಲ್ಲಿ ಕೈಯಿಟ್ಟುಕೊಂಡು ಹಾಗೆಯೇ ಕೂತಿದ್ದರು. ಅವರ ಕಣ್ಣಲ್ಲಿ ನಾನು ನೀರು ನೋಡಿದ್ದು ಅದೇ ಮೊದಲು.

"ಅವರು ಅಂತಾರ. ನನಗ ಆಗಂಗಿಲ್ಲ ತಂಗಿ," ಎಂದರು, ಗಂಡನಿಗೆ ಕೇಳದಂತೆ. "ಇಷ್ಟು ವರ್ಷ ಎಲ್ಲಾರ ಬಾಯಿಲೆ ಹೇಳಿಸೀನಿ. ಕೊಡು ಕೊಡು ಅಂತ ಜುಲುಮಿ ಮಾಡೀನಿ. ನಾಳೆ ಪಾದ್ರಿಯವರು ನನ್ನ ಹೆಸರು ಕರೀತಾರ. ನನ್ನ ಬಾಯಿ ತೆರೀದಿದ್ರ, ಇಷ್ಟು ದಿನ ಹೇಳಿಸಿದ್ದೆಲ್ಲಾ ಸುಳ್ಳಾತಲ್ಲಾ?"

"ಸುಮ್ಮನೆ ಏನೋ ಒಂದು ಹೇಳಿಬಿಡಿ," ಎಂದೆ. ಎಂಥ ದಡ್ಡ ಮಾತು.

"ಸುಮ್ಮನ ಹೇಳಾಕ ಬರೂದಿಲ್ಲ ನನಗ," ಎಂದರು.

ಮುಂದಿನದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇದು ಪವಾಡದ ಕಥೆಯಲ್ಲ. ಮಾವಾರು ಆ ಕೂಟವಾದ ಮೇಲೆ ಐದು ತಿಂಗಳು ಇದ್ದರು. ಅವರನ್ನು ತಿರುವನಂತಪುರದ ಮಣ್ಣಿನಲ್ಲೇ ಮಲಗಿಸಿದೆವು. ಅಕ್ಕಾರು ನಿವೃತ್ತಿಯವರೆಗೆ ಅದೇ ಹೊಲದಲ್ಲಿ ದುಡಿದು ಊರಿಗೆ ಹೋದರು. ನಾನು ಕೊಚ್ಚಿಗೆ ಬಂದೆ. ಅವರನ್ನು ಬಲ್ಲೆ ಎನ್ನುವುದೇ ನನಗೊಂದು ಹೆಮ್ಮೆ. ಅವರ ಪುಸ್ತಕ ಬರೆದವಳು ನಾನು ಎಂದು ಎದೆಯುಬ್ಬಿಸಿ ಹೇಳುತ್ತೇನೆ, ಆ ಕಾರ್ಡು ಬರೆದವಳೂ ನಾನೇ ಎಂಬ ನಾಚಿಕೆಯ ಸಮೇತ.

ಶನಿವಾರ ಕೋಣೆ ತುಂಬಿತ್ತು. ನಲವತ್ತು ಜನರಾದರೂ ಇದ್ದರು. ಸುದ್ದಿ ಆಗಲೇ ಹರಡಿತ್ತು, ಹಾಗಾಗಿ ಯಾರಿಗೂ ಮುಖ ಎತ್ತಲು ಧೈರ್ಯವಿಲ್ಲ. ಕೈಯಲ್ಲಿ ನನ್ನ ಚಿನ್ನದ ಅಂಚಿನ ಕಾರ್ಡು ಇದ್ದವರು ಅದನ್ನು ಮಗುಚಿ ಹಿಡಿದಿದ್ದರು. ಪಕ್ಕದ ಮನೆಯ ಓಮನಾ ಚೇಚಿ, ಹೊಲದ ಇಬ್ಬರು ಹೆಣ್ಣಾಳುಗಳು, ಇವರೆಲ್ಲ ಕನ್ನಡ ತಿಳಿಯದಿದ್ದರೂ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಮಾವಾರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಎದುರಿಗೆ. ಹಾಡು ಹೇಳಿದೆವು, ಅದು ಹಾಡಾಗಲಿಲ್ಲ. ಪಾದ್ರಿಯವರು ಚಿಕ್ಕ ಪ್ರಾರ್ಥನೆ ಮಾಡಿ, ತಡವರಿಸಿ, ಅಕ್ಕಾರ ಹೆಸರು ಕರೆದರು.

ಅಕ್ಕಾರು ಎದ್ದರು. ಬೆಂಚು ಹಿಡಿದು ನಿಂತರು. ನಾನು ಪುಸ್ತಕ ತೆರೆದು ಪೆನ್ನು ಹಿಡಿದೆ.

"ನನಗ ಇವತ್ತು ಬರವಲ್ದು," ಎಂದರು. "ಹುಡುಕೀನಿ, ಸಿಗವಲ್ದು. ಸುಳ್ಳು ಹೇಳಂಗಿಲ್ಲ. ಆದ್ರ ಕೂಟ ಕರದೀನಿ, ಸ್ತೋತ್ರ ಇಲ್ಲದ ಕೂಟ ಮುಗಸಂಗಿಲ್ಲ. ನೀವು ಹೇಳ್ರಿ. ನಾ ಆಮೆನ್ ಅಂತೀನಿ. ಅಷ್ಟು ನನ್ನ ಕೈಲಾಗ್ತದ."

ಕೂತುಬಿಟ್ಟರು. ಬಾಹ್ಯಾಕಾಶ ಕೇಂದ್ರದ ದೊಡ್ಡ ವಿಜ್ಞಾನಿಯೊಬ್ಬರು, ಹಿಂದೊಮ್ಮೆ ಬಡ್ತಿಯ ವಿಷಯದಲ್ಲಿ ಅಕ್ಕಾರ ಕೈಲಿ ಸಿಕ್ಕಿಬಿದ್ದವರು, ಎದ್ದು ನಿಂತರು. "ನಮ್ಮಪ್ಪನ ವಾಚು ಬೆಂಗಳೂರಿನಲ್ಲಿ ಯಾರ ಕೈಲೂ ಆಗಲ್ಲ ಅಂದಿದ್ರು. ಇವರು ಓಡಿಸಿಕೊಟ್ರು. ಈಗಲೂ ಓಡ್ತಿದೆ" ಎಂದು ಮಣಿಕಟ್ಟು ಎತ್ತಿ ತೋರಿಸಿದರು.

"ಆಮೆನ್," ಎಂದರು ಅಕ್ಕಾರು. ತೀರ ಸಣ್ಣ ದನಿ.

ಪಾದ್ರಿಯವರು, "ನನ್ನ ಪ್ರತಿಯೊಂದು ಪ್ರಸಂಗದಲ್ಲೂ ನಿದ್ದೆ ಮಾಡಿದ್ದಾರೆ, ಮುಗಿದ ಮೇಲೆ ಪ್ರತಿ ಸಲವೂ ಕೈ ಕುಲುಕಿ ಚೆನ್ನಾಗಿತ್ತು ಎಂದಿದ್ದಾರೆ. ನಾನು ಧೈರ್ಯದಿಂದ ರೈಲು ಹತ್ತಿದ್ದೇನೆ" ಎಂದರು. ಯಾರೋ ಫಕ್ಕನೆ ನಕ್ಕರು. ಆಮೆನ್ ಈ ಸಲ ಕೇಳಿಸುವಷ್ಟಿತ್ತು. ವಿಷಯ ಏನೆಂದು ಪಕ್ಕದವರಿಂದ ತಿಳಿದುಕೊಂಡ ಓಮನಾ ಚೇಚಿ ಎದ್ದು ಮಲಯಾಳಂನಲ್ಲಿ ಹೇಳತೊಡಗಿದರು. ವಿಳಿಂಜಂನಿಂದ ಮೀನು ತಂದಾಗೆಲ್ಲ ಮಾವಾರು ಮೊದಲ ಪಾಲು ಚೇಚಿಯ ಮನೆಗೆ ಕೊಟ್ಟು, ಆಮೇಲೆ ತಮ್ಮ ಮನೆಗೆ ಹೋಗುತ್ತಿದ್ದರಂತೆ. "ನಲ್ಲ ಮನುಷ್ಯನಾಣು," ಒಳ್ಳೆಯ ಮನುಷ್ಯ, ಎಂದು ಸೆರಗಿನಿಂದ ಮೂಗೊರೆಸಿಕೊಂಡರು. ಆಮೆನ್. ಹೊಲದ ಆಳು ಹೆಂಗಸು ಹೇಳಿದಳು, ಆಮೆನ್. ಬ್ಯಾಂಕಿನವರು, ಅವರ ಹೆಂಡತಿ, ಒಬ್ಬರಾದ ಮೇಲೆ ಒಬ್ಬರು. ನನ್ನ ಪೆನ್ನು ಅವರ ಹಿಂದೆ ಓಡುತ್ತಿತ್ತು.

ನನ್ನ ಸರದಿಯೂ ಬಂತು. "ಕಾರ್ಡಿನಲ್ಲಿರುವುದನ್ನು ಬರೆದದ್ದು ನಾನು, ಅಕ್ಕಾರಲ್ಲ," ಎಂದೆ. "ನನಗೆ ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಬರೆದೆ. ಆ ತಪ್ಪಿಗೆ ಈ ಮನೆಯಲ್ಲಿ ನನ್ನನ್ನು ಯಾರೂ ಬೈಯಲಿಲ್ಲ. ಅದಕ್ಕೆ ಸ್ತೋತ್ರ." ಅಕ್ಕಾರು ನನ್ನತ್ತ ತಿರುಗಿ ನೋಡಿ ಆಮೆನ್ ಎಂದರು, ಗಟ್ಟಿಯಾಗಿ.

ಎಲ್ಲರದೂ ಮುಗಿಯಿತು ಎನ್ನುವಾಗ ಮಾವಾರು ಬೆಂಚಿನ ಅಂಚು ಹಿಡಿದು ನಿಧಾನವಾಗಿ ಎದ್ದರು.

"ಇಂಥಾವೆಲ್ಲಾ ಮನಿಷಾ ಸತ್ತ ಮ್ಯಾಲೆ ಹೇಳೂ ಮಾತು," ಎಂದರು. "ನಮ್ಮಪ್ಪನ ಬಗ್ಗೆ ಎಷ್ಟು ಚೆಂದ ಹೇಳಿದ್ರು, ಅಂವಾ ಪೆಟ್ಟಿಗ್ಯಾಗ ಮಲಗಿದ್ದ, ಒಂದೂ ಕೇಳಲಿಲ್ಲ. ನಾ ಇಲ್ಲಿ ಕುಂತು, ಹೆಂಡತಿ ಬಾಜೂಕ ಕುಂತು, ಅಷ್ಟೂ ಕೇಳಿದೆ. ಯಾರಿಗೆ ಸಿಗ್ತದ್ರಿ ಇದು? ಇದನ್ನ ಬರಕೋ ತಂಗಿ. ನಂದು ಇದು."

ಎಲ್ಲರೂ ಅಕ್ಕಾರ ಆಮೆನ್‌ಗಾಗಿ ಕಾದೆವು. ಅದು ಬರಲಿಲ್ಲ. ಅವರು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು, ಗಂಡನ ಪಕ್ಕದಲ್ಲಿ ನೆಟ್ಟಗೆ ನಿಂತರು. ಕೈ ಬೆಂಚಿನ ಮೇಲಿರಲಿಲ್ಲ.

"ನನಗೂ ಸಿಕ್ತು," ಎಂದರು. "ಅದs ನಂದೂ. ಇಬ್ಬರ ಹೆಸರಲೆ ಬರಿ."

ಬರೆದೆ.